ಇಬ್ಬರು ಮ್ಯಾನೇಜರರ ನಡುವೆ ಹೇಮಪ್ಪನ ಊಟ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗೆ ಹೇಮಪ್ಪನ ಹೊಲಿಗೆ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಮಷಿನ್ನು, ಒಂದು ಕಟ್ಟೆ, ಕಟ್ಟೆಯ ಮೇಲೆ ಕೂತು ಕಾಜಾ ಹಾಕುವ ಹೆಂಡತಿ ರೇಣುಕವ್ವ. ಹೇಮಪ್ಪ ಗಜೇಂದ್ರಗಡದ ಮಗ್ಗುಲಿನ ಲಕ್ಕಲಕಟ್ಟಿಯವನು. ಮೀಸೆ ಮೂಡುವ ಮೊದಲೇ ಸೋದರಮಾವನ ಹಿಂದೆ ಮುಂಬಯಿಗೆ ಹೋಗಿ ಗಿರಣಿಗಳ ಮಗ್ಗುಲಿನ ದರ್ಜಿ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದ. ಆ ಅಂಗಡಿಯ ಹಿಂದೆ ಒಂದು ಬಯಲು. ಸಂಜೆಯಾದರೆ ಗಿರಣಿಯ ಆಳುಗಳು ಅಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಹೇಮಪ್ಪನ ಕಾಲಿನಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ. ಆದರೆ ಯಾರು ಯಾರಿಗೆ ಅಡ್ಡಗಾಲು ಕೊಟ್ಟರು, ಯಾರು ತಾವಾಗಿಯೇ ಬಿದ್ದು ಹೊರಳಾಡಿದರು ಎಂಬುದು ಅವನ ಕಣ್ಣಿಗೆ ತಪ್ಪುತ್ತಿರಲಿಲ್ಲ. ಅದನ್ನು ಗಮನಿಸಿದ ಹಿರಿಯ ರೆಫ್ರಿಯೊಬ್ಬ ಅವನಿಗೆ ಆಟದ ಕಾಯದೆಗಳನ್ನು ಹೇಳಿಕೊಟ್ಟು, ಕೈಯಲ್ಲಿ ಒಂದು ಸೀಟಿ ಇಟ್ಟ.

ಮರಳಿ ಬಂದು ಗಜೇಂದ್ರಗಡವನ್ನೇ ತನ್ನ ಊರು ಮಾಡಿಕೊಂಡ ಮೇಲೆ ಆ ಸೀಟಿಗೆ ಬೇಡಿಕೆ ಬಂತು. ರೋಣದಲ್ಲಿ ಒಂದು ತಂಡ, ಗಜೇಂದ್ರಗಡದಲ್ಲಿ ಒಂದು ತಂಡ. ಎರಡಕ್ಕೂ ಕಾಯದೆ ಬಲ್ಲ ರೆಫ್ರಿ ಎಂದರೆ ಹೇಮಪ್ಪನೊಬ್ಬನೇ. ರೋಣದ ತಂಡದ ಮ್ಯಾನೇಜರ್ ಹತ್ತಿ ದಲಾಲಿ ಪ್ರಭುಲಿಂಗಪ್ಪ, ಗಜೇಂದ್ರಗಡದ ಮ್ಯಾನೇಜರ್ ನೂಲಿನ ವ್ಯಾಪಾರಿ ಮಹಾಲಿಂಗಪ್ಪ. ಮ್ಯಾನೇಜರ್ ಎಂದರೆ ಚೆಂಡು ಕೊಡಿಸುವವನು, ಆಟಗಾರರಿಗೆ ಚಹಾ ಕುಡಿಸುವವನು, ಗೆರೆಯ ಹೊರಗೆ ನಿಂತು ಗಂಟಲು ಹರಿಯುವಂತೆ ಕೂಗುವವನು. ಇಬ್ಬರೂ ಹೊಟ್ಟೆಯುಳ್ಳವರು. ಇಬ್ಬರೂ ಹುಟ್ಟಿದಾಗಿನಿಂದ ಚೆಂಡನ್ನು ಒದ್ದವರಲ್ಲ.

ಸಾವಿರದ ಒಂಬೈನೂರ ಐವತ್ಮೂರರ ದಸರೆಯಲ್ಲಿ ಈ ಎರಡು ತಂಡಗಳಿಗೆ ನರಗುಂದದಲ್ಲಿ ಕಪ್ಪಿನ ಪಂದ್ಯ ನಡೆಯಿತು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು, ಯಾರದೂ ಗೋಲ್ ಆಗಿರಲಿಲ್ಲ. ಆಗ ರೋಣದ ನಬೀಸಾಬ ಜೋರಾಗಿ ಒದ್ದ ಚೆಂಡು ಗಾಳಿಯಲ್ಲೇ ಪಟ್ಟೆಂದು ಒಡೆದು, ಸತ್ತ ಹಕ್ಕಿಯ ಹಾಗೆ ಗೋಲಿನೊಳಗೆ ಬಿತ್ತು. ಒಡೆದದ್ದು ಚೆಂಡಲ್ಲ, ಆದ್ದರಿಂದ ಗೋಲೂ ಅಲ್ಲ ಎಂದ ಹೇಮಪ್ಪ. ರೋಣದವರು ಸಿಟ್ಟಾದರು. ಬೇರೆ ಚೆಂಡು ಇಲ್ಲದ್ದರಿಂದ ಆಟವನ್ನು ಅಲ್ಲಿಗೇ ನಿಲ್ಲಿಸಿದ. ಇನ್ನೊಂದು ಗಳಿಗೆಯಲ್ಲಿ ತಾವು ಗೆಲ್ಲುತ್ತಿದ್ದೆವು ಎಂದು ಗಜೇಂದ್ರಗಡದವರೂ ಸಿಟ್ಟಾದರು. ಮತ್ತೆ ಆಡೋಣವೆಂದರೆ ಯಾರ ಊರಿನಲ್ಲಿ ಎಂಬುದು ಬಗೆಹರಿಯಲಿಲ್ಲ. ಗೆದ್ದವರಿಗೆ ಕೊಡಬೇಕಿದ್ದ ಕಪ್ಪು ರೆಫ್ರಿ ಹೇಮಪ್ಪನ ಅಂಗಡಿಯಲ್ಲೇ ಉಳಿಯಿತು. ರೇಣುಕವ್ವ ಅದರಲ್ಲಿ ಗುಂಡಿ ಹಾಕಿ ಇಡುತ್ತಿದ್ದಳು. ಮ್ಯಾನೇಜರರಿಬ್ಬರೂ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಹೇಮಪ್ಪನೊಡನೆ ಇಬ್ಬರೂ ಬಿಟ್ಟರು.

ಮರುವರ್ಷ ಬೇಸಿಗೆಯಲ್ಲಿ ಗಜೇಂದ್ರಗಡದ ನೇಕಾರರ ಓಣಿಗೆ ಬೆಂಕಿ ಬಿತ್ತು. ಜೀವಕ್ಕೇನೂ ಆಗಲಿಲ್ಲ, ಮಗ್ಗಗಳು ಸುಟ್ಟವು. ಸಾಲೆಯ ಹೆಡ್ ಮಾಸ್ತರ ಅಂದಾನೆಪ್ಪನವರು ನೇಕಾರರ ಸಹಾಯಕ್ಕೆ ಒಂದು ಊಟ ಇಟ್ಟರು. ಟಿಕೆಟು ತಗೊಂಡವರಿಗೆ ಹೋಳಿಗೆ ಊಟ. ಎರಡೂ ತಂಡಗಳನ್ನು ಕರೆದು ಮ್ಯಾನೇಜರರನ್ನು ಮುಖ್ಯ ಅತಿಥಿಗಳನ್ನಾಗಿ ಮಾಡಿದರೆ ಎರಡೂ ಊರಿನವರು ಟಿಕೆಟು ತಗೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಸುಟ್ಟ ಮಗ್ಗಗಳ ಹೆಸರು ಹೇಳಿದಾಗ ಇಬ್ಬರೂ ಒಲ್ಲೆ ಎನ್ನಲಿಲ್ಲ. ಆಮೇಲೆ ಮಾಸ್ತರರು ಹೇಮಪ್ಪನ ಕಟ್ಟೆಗೆ ಬಂದರು.

"ನಾ ಬಂದ್ರ ಊಟ ಕೆಡತೈತ್ರಿ ಮಾಸ್ತರ," ಎಂದ ಹೇಮಪ್ಪ. "ಇಬ್ಬರೂ ನನ್ನ ಮ್ಯಾಲೆ ಹಲ್ಲ ಕಡ್ಯಾಕತ್ತಾರ."

"ಅದಕ್ಕ ನೀ ಬೇಕು. ಇಬ್ಬರನ್ನ ಮಗ್ಗಲಾ ಮಗ್ಗಲಾ ಕುಂದ್ರಿಸಿದ್ರ ಜಗಳ. ದೂರ ಕುಂದ್ರಿಸಿದ್ರ, ಮೊದಲ ಯಾರಿಗಿ ಬಡಿಸಿದ್ರಿ ಅಂತ ಮತ್ತ ಜಗಳ. ನಡುವ ಒಂದು ಗ್ವಾಡಿ ಬೇಕಾಗೇತಿ."

ರೇಣುಕವ್ವ ಸೂಜಿಯಿಂದ ಕಣ್ಣೆತ್ತಲಿಲ್ಲ. "ಹೋಗ್ರಿ," ಎಂದಳು. "ಗ್ವಾಡಿಗೂ ಹೋಳಿಗಿ ಬಡಸ್ತಾರ."

ಭಾನುವಾರ ಮಧ್ಯಾಹ್ನ ಸಾಲೆಯ ಅಂಗಳದಲ್ಲಿ ಚಪ್ಪರ ಹಾಕಿ ಜಮಖಾನೆ ಹಾಸಿದ್ದರು. ರೋಣದವರು ಪ್ರಭುಲಿಂಗಪ್ಪನ ಟ್ರಕ್ಕಿನಲ್ಲಿ ಬಂದಿಳಿದರು. ಮೊದಲ ಸಾಲಿನಲ್ಲಿ ಬಲಕ್ಕೆ ಪ್ರಭುಲಿಂಗಪ್ಪ, ಎಡಕ್ಕೆ ಮಹಾಲಿಂಗಪ್ಪ, ನಡುವೆ ಗೋಡೆಯಾಗಿ, ಒಗೆದ ಅಂಗಿ ತೊಟ್ಟು ಮುದುಡಿಕೊಂಡ ಹೇಮಪ್ಪ. ಪತ್ರಾವಳಿಗೆ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ಬಂದವು. ಮಾತೂ ಬಂತು, ಆದರೆ ನೇರವಾಗಿ ಅಲ್ಲ.

"ಹೇಮಪ್ಪ, ಬದ್ನಿಕಾಯಿ ಖಾರ ಆತೇನು ಕೇಳು ರೋಣದವ್ರಿಗೆ," ಎಂದ ಮಹಾಲಿಂಗಪ್ಪ.

"ಖಾರಕ್ಕ ಅಂಜೂ ಮಂದಿ ನಾವಲ್ಲಂತ ಹೇಳು, ಹೇಮಪ್ಪ," ಎಂದ ಪ್ರಭುಲಿಂಗಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಹೋಳಿಗೆ ಬಂದಾಗ ಯುದ್ಧ ಇನ್ನೂ ಜೋರಾಯಿತು. "ಬ್ಯಾರೆ ಊರಿಂದ ಬಂದಾರ, ಅವರಿಗೆ ಇನ್ನೆರಡ ಹಾಕ್ರಿ," ಎಂದು ಮಹಾಲಿಂಗಪ್ಪ ಉಪಚಾರ ಮಾಡಿದ. "ಮನಿಯವ್ರು ಉಣ್ಣದ ನಾವು ಹ್ಯಾಂಗ ಉಣ್ಣೂದು? ಅವರಿಗೂ ಹಾಕ್ರಿ," ಎಂದು ಪ್ರಭುಲಿಂಗಪ್ಪ ತಿರುಗಿಸಿದ. ಬಡಿಸುವವರು ಇಬ್ಬರಿಗೂ ಹಾಕಿ, ನಡುವಿನವನಿಗೆ ಹಾಕದಿದ್ದರೆ ಚೆನ್ನಾಗಿರುವುದಿಲ್ಲವೆಂದು ಹೇಮಪ್ಪನಿಗೂ ಹಾಕುತ್ತಿದ್ದರು. ಹಿಂದಿನ ಸಾಲುಗಳಲ್ಲಿ ಆಟಗಾರರು ತಮ್ಮ ತಮ್ಮ ಮ್ಯಾನೇಜರರನ್ನು ನೋಡಿ, ಊರ ಮರ್ಯಾದೆ ಉಳಿಸಲು ಹೋಳಿಗೆಯ ಮೇಲೆ ಹೋಳಿಗೆ ಉಂಡರು.

ತುಪ್ಪ ಬಡಿಸುತ್ತಿದ್ದವಳು ಅಡಿವೆವ್ವ. ಅವಳ ಮಗ್ಗವೂ ಸುಟ್ಟಿತ್ತು. ಉಣ್ಣುವವರು ತಮಗಾಗಿ ಬಂದವರೆಂದು ತಾನೇ ತಂಬಿಗೆ ಹಿಡಿದು ನಿಂತಿದ್ದಳು. ಮೊದಲ ಸಾಲಿಗೆ ಬಂದಾಗ ಅವಳು ಕೇಳಿದಳು: "ಆ ಚೆಂಡ ಒಡದ ಆಟದ ಸಾವಕಾರ್ರು ನೀವ ಏನ್ರಿ? ಯಾರ ಗೆದ್ರೀ ಕಡೀಕ?"

"ನಾವು," ಎಂದರು ಇಬ್ಬರೂ ಒಮ್ಮೆಗೇ.

ಅಡಿವೆವ್ವ ಹೇಮಪ್ಪನ ಮುಖ ನೋಡಿದಳು. "ಯಾರೂ ಗೆದ್ದಿಲ್ಲ, ಯವ್ವಾ," ಎಂದ ಹೇಮಪ್ಪ.

"ಹಂಗಾರ ಇನ್ನೊಮ್ಮೆ ಆಡಬೇಕಲ್ಲಪ್ಪ. ಎಳಿ ಹರೀತಂತ ನಾವೇನ ಸೀರಿ ಅರ್ಧಕ್ಕ ಬಿಡತೀವಿ?" ಎಂದು ತುಪ್ಪ ಸುರಿದು ಮುಂದೆ ಹೋದಳು.

ಹಿಂದಿನ ಸಾಲಿನಿಂದ ಯಾರೋ "ಇವತ್ತ ಆಡೂಣ್ರಿ" ಎಂದರು. ಮತ್ತೆ ನಾಲ್ಕು ದನಿ ಕೂಡಿದವು.

"ಉಂಡ ಹೊಟ್ಟಿಲೆ ಆಡಾಕ ಆಗತೈತೇನು?" ಎಂದ ಮಹಾಲಿಂಗಪ್ಪ.

"ನಮ್ಮ ಹುಡುಗ್ರಿಗೆ ಆಗತೈತಿ. ನಿಮ್ಮವ್ರಿಗೆ ಆಗಲಿಲ್ಲಂದ್ರ ಬಿಡ್ರಿ," ಎಂದ ಪ್ರಭುಲಿಂಗಪ್ಪ.

"ಆಗದ ಏನ್ರಿ? ನಡೀರಿ."

ಮಾತು ತನ್ನ ತಲೆಯ ಮೇಲಿಂದ ನೇರವಾಗಿ ಹೋಗಿ ನೇರವಾಗಿ ಬಂದದ್ದನ್ನು ಹೇಮಪ್ಪ ಗಮನಿಸಿದ. ದಸರೆಯಿಂದ ಇದೇ ಮೊದಲು. ಅವನಿಗೆ ಎಂದಿಲ್ಲದ ಧೈರ್ಯ ಬಂತು. ಹೊಟ್ಟೆಯಲ್ಲಿದ್ದ ಹೋಳಿಗೆಯ ಸೇಡೂ ಅದರಲ್ಲಿ ಸ್ವಲ್ಪ ಇದ್ದಿರಬೇಕು. ಎದ್ದು ನಿಂತು, "ನಾ ಸೀಟಿ ಊದತೀನಿ. ಆದ್ರ ಗೋಲ ಕಾಯಾವ್ರು ಮ್ಯಾನೇಜರ್ರ ಆಗಬೇಕು. ಈಗ ಒಲ್ಲೆ ಅನ್ನಾವ್ರು ಸೋತಂಗ," ಎಂದ.

ಚಪ್ಪರದ ತುಂಬ ನಗೆ ಎದ್ದಿತು. ಒಲ್ಲೆ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಅಂದಾನೆಪ್ಪನವರು ಕೂಡಲೇ ಊರಲ್ಲಿ ಡಂಗುರ ಸಾರಿಸಿದರು. ಊಟಕ್ಕೆ ಬಾರದವರೂ ಈ ಆಟ ನೋಡಲು ಬಂದು, ಬಾಗಿಲಲ್ಲಿಟ್ಟ ಕೊಡದಲ್ಲಿ ಮಗ್ಗದ ಕಾಣಿಕೆ ಹಾಕಿ ಒಳಗೆ ಹೋದರು.

ಬಿಸಿಲು ಗುಡ್ಡದ ಕೋಟೆಯ ಕಡೆಗೆ ಇಳಿದಾಗ ಸಾಲೆಯ ಬಯಲಿನಲ್ಲಿ, ಸಾಲೆಯ ಚೆಂಡಿನಿಂದಲೇ ಆಟ ಶುರುವಾಯಿತು. ಅಷ್ಟು ನಿಧಾನವಾದ ಫುಟ್‌ಬಾಲನ್ನು ಆ ಸೀಮೆಯಲ್ಲಿ ಯಾರೂ ನೋಡಿರಲಿಲ್ಲ. ಚೆಂಡು ಹತ್ತಿರ ಬಂದರೆ ಒದೆಯುತ್ತಿದ್ದರು, ದೂರ ಹೋದರೆ ಅದು ತಾನಾಗಿ ಬರಲೆಂದು ಕಾಯುತ್ತಿದ್ದರು. ಇಬ್ಬರು ಎದುರಾಳಿಗಳು ಚೆಂಡಿನ ಮುಂದೆ ನಿಂತು, "ನೀ ಒದಿ," "ಇಲ್ಲ, ನೀ ಒದಿ" ಎಂದು ಮರ್ಯಾದೆ ಮಾಡಿದರು. ಹೇಮಪ್ಪನೂ ಓಡಲಾಗದೆ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದ. ಸೀಟಿ ಊದಿದರೆ ಅರ್ಧ ಉಸಿರು ತೇಗಾಗಿ ಹೋಗುತ್ತಿತ್ತು.

ಬಹಳ ಹೊತ್ತಿನ ಮೇಲೆ ನಬೀಸಾಬ ಮನಸ್ಸಿಲ್ಲದ ಮನಸ್ಸಿನಿಂದ ಚೆಂಡನ್ನು ಗೋಲಿನ ಕಡೆ ತಳ್ಳಿದ. ಉರುಳುತ್ತ ಉರುಳುತ್ತ ಅದು ಮಹಾಲಿಂಗಪ್ಪನ ಮುಂದೆ ಬಂತು. ಮಹಾಲಿಂಗಪ್ಪ ಬಗ್ಗಲು ನೋಡಿದ, ಹೊಟ್ಟೆ ಬಿಡಲಿಲ್ಲ. ಮೊಣಕಾಲು ಜೋಡಿಸಿ ತಡೆದ. ಚೆಂಡು ಸಡಿಲಾದ ಧೋತರದ ನಿರಿಗೆಯೊಳಗೆ ಸೇರಿ ಅಲ್ಲೇ ನಿಂತಿತು. ಅವನಿಗೆ ಅದು ಕಾಣಿಸದು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಒಳಗೆ ಹೋಗಿರಬೇಕೆಂದು ಗಾಬರಿಯಿಂದ ತಿರುಗಿ ಗೋಲಿನೊಳಗೆ ನಡೆದ. ಗೆರೆ ದಾಟಿದ ಮೇಲೆ ಧೋತರದಿಂದ ಚೆಂಡು ಜಾರಿ ಅವನ ಕಾಲ ಬಳಿ ಬಿತ್ತು.

ಹೇಮಪ್ಪ ಸೀಟಿ ಊದಿ ಕೈಯೆತ್ತಿದ. ನಗುತ್ತಿದ್ದ ಮಂದಿ ಅವನ ಕಡೆ ತಿರುಗಿದರು. ಇದು ಅವನ ಸ್ವಂತ ಊರಿನ ಮೇಲೆ ಆದ ಗೋಲು.

"ನೀ ಯಾವ ಊರಾಂವಪಾ, ಹೇಮಪ್ಪ?" ಎಂದ ಮಹಾಲಿಂಗಪ್ಪ.

"ಇದ ಊರಾಂವರಿ. ಆದ್ರ ಚೆಂಡ ಗೆರಿ ದಾಟೇತಿ."

"ಅದು ತಾನ ಎಲ್ಲಿ ದಾಟೇತಿ? ನಾ ಒಯ್ದೀನಿ."

"ಯಾರ ಒಯ್ದರೂ ದಾಟಿದಂಗ ಅಲ್ರೀ ಸಾವಕಾರ್ರ."

ಮಹಾಲಿಂಗಪ್ಪ ಗೆರೆ ನೋಡಿದ, ಚೆಂಡು ನೋಡಿದ, ಬಿಚ್ಚಿಹೋದ ಧೋತರ ನೋಡಿಕೊಂಡ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕಡೆಗೆ ದನಿ. "ಖರೇ ಐತಿ," ಎಂದ. "ಹೊತಗೊಂಡು ಹೋಗಿ ನಾನ ಇಟ್ಟ ಬಂದೀನಿ."

ಆ ಕಡೆಯ ಗೋಲಿನಿಂದ ಪ್ರಭುಲಿಂಗಪ್ಪ ಏದುಸಿರು ಬಿಡುತ್ತ ನಡೆದು ಬಂದ. ಏನಾಯಿತೆಂದು ಕೇಳಿ ತಿಳಿದು, ನಕ್ಕು ನಕ್ಕು ನಿಲ್ಲಲಾರದೆ ನೆಲಕ್ಕೆ ಕೂತ. ಆಟ ಅಲ್ಲಿಗೇ ಮುಗಿಯಿತು, ಮುಂದುವರಿಸುವ ಶಕ್ತಿ ಯಾರಲ್ಲೂ ಇರಲಿಲ್ಲ. ರೇಣುಕವ್ವ ಅಂಗಡಿಯಿಂದ ಕಪ್ಪು ತಂದು, ಎಲ್ಲರೆದುರು ಗುಂಡಿಗಳನ್ನು ಸೆರಗಿಗೆ ಸುರುವಿಕೊಂಡು ಪ್ರಭುಲಿಂಗಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದು ಹೇಮಪ್ಪನ ಕಡೆ ತಿರುಗಿದ.

"ನರಗುಂದದಾಗ ನೀ ನಿಮ್ಮೂರ ಕಡೆ ಆದಿ ಅಂತ ತಿಳದಿದ್ದೆ, ಹೇಮಪ್ಪ," ಎಂದ. "ತಪ್ಪ ತಿಳದಿದ್ದೆ."

ಹೇಮಪ್ಪ ಸೀಟಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡ.

ಟ್ರಕ್ಕು ಹತ್ತುವಾಗ ಪ್ರಭುಲಿಂಗಪ್ಪ, "ನಂಗೊಂದು ಕೋಟ ಹೊಲಿಬೇಕು ನೀ. ಟೇಪ್ ತಾ, ಈಗ ಅಳತಿ ತಗೋ," ಎಂದ.

ಹೇಮಪ್ಪ ಅವನ ಹೊಟ್ಟೆಯನ್ನೊಮ್ಮೆ ನೋಡಿದ. "ಇವತ್ತ ಬ್ಯಾಡ್ರಿ. ಇವತ್ತಿನ ಅಳತಿಗೆ ಹೊಲದ್ರ ಅದರಾಗ ಇಬ್ಬರು ಹಿಡೀತೀರಿ."

ಊಟದಿಂದಲೂ ಆಟದಿಂದಲೂ ಕೂಡಿದ್ದಕ್ಕೆ ಮ್ಯಾನೇಜರರಿಬ್ಬರೂ ತಮ್ಮ ಪಾಲು ಸೇರಿಸಿದರು. ಮಹಾಲಿಂಗಪ್ಪ ನೂಲು ಕೊಟ್ಟ, ಪ್ರಭುಲಿಂಗಪ್ಪ ಟ್ರಕ್ಕಿನಲ್ಲಿ ಮಗ್ಗದ ಮರ ತರಿಸಿದ. ಶ್ರಾವಣದ ಹೊತ್ತಿಗೆ ಓಣಿಯಲ್ಲಿ ಮತ್ತೆ ಲಾಳಿಯ ಸದ್ದು ಕೇಳಿಸಿತು. ಅಡಿವೆವ್ವನ ಮಗ್ಗವೂ ಎದ್ದಿತು.

ಅದೇ ಶ್ರಾವಣದಲ್ಲಿ ಪ್ರಭುಲಿಂಗಪ್ಪ ಕೋಟಿನ ಬಟ್ಟೆ ಬಗಲಲ್ಲಿಟ್ಟುಕೊಂಡು ರೋಣದ ಬಸ್ಸಿನಿಂದ ಇಳಿದ. ಅಳತೆ ಕೊಟ್ಟು ಕಟ್ಟೆಯ ಮೇಲೆ ಕೂತ. ಆ ದಾರಿಯಲ್ಲೇ ಹೊರಟಿದ್ದ ಮಹಾಲಿಂಗಪ್ಪನೂ ಬಂದು ಕೂತ. ರೇಣುಕವ್ವ ಚಹಾ ಕೊಟ್ಟಳು. ಬರುವ ದಸರೆಯ ಪಂದ್ಯ ಯಾರ ಊರಿನಲ್ಲಿ ಎಂಬ ಮಾತು ಶುರುವಾಗಿ, ಇಬ್ಬರ ದನಿಯೂ ಏರತೊಡಗಿತು. ಹೇಮಪ್ಪ ಕೋಟಿನ ತೋಳಿಗೆ ಕತ್ತರಿಸಿದ ಬಟ್ಟೆಯನ್ನು ಸೂಜಿಯ ಕೆಳಗಿಟ್ಟು, ಮಷಿನ್ ತುಳಿಯುತ್ತ ಕೂತ.