ಕಫಕ್ಕೆ ನೀರು ಚಿಮುಕಿಸುವ ಸುರೇಖಾ

ಬೆಳಗಿನ ಆರು ಗಂಟೆ. ಬ್ಯಾಡಗಿಯ ಓಣಿಯೊಂದರ ಕಟ್ಟೆಯ ಮೇಲೆ ಕೂತ ಆಶಾ ಕಾರ್ಯಕರ್ತೆ ಸುರೇಖಾ, ಲೋಟದ ನೀರಿಗೆ ಗುಳಿಗೆ ಹಾಕುತ್ತಾರೆ. ಅದು ಬುಸ್ಸೆಂದು ಕರಗುತ್ತದೆ. ಎದುರಿಗಿರುವ ಅರವತ್ತೆರಡರ ಉಚ್ಚಂಗೆವ್ವ ಮುಖ ಸಿಂಡರಿಸಿಕೊಂಡೇ ಗಟಗಟ ಕುಡಿಯುತ್ತಾರೆ. “ಈಗ ಮುಂದಕ್ಕ ಬಾಗಿ ಕೆಮ್ಮು ಯವ್ವಾ, ನಾಚಬ್ಯಾಡ,” ಎನ್ನುತ್ತಾರೆ ಸುರೇಖಾ.

ಇದು ಎದೆಯ ಕಫವನ್ನು ತೆಳುವಾಗಿಸುವ ಗುಳಿಗೆ. ದಿನಕ್ಕೆ ಇಪ್ಪತ್ತು ಮನೆ ಸುತ್ತುವ ಸುರೇಖಾರ ಪಟ್ಟಿಯಲ್ಲಿ ಇದು ಬೇಕಾದವರು ಏಳು ಮಂದಿ. ಹಾವೇರಿಯ ವೈದ್ಯರು ಬರೆದುಕೊಡುತ್ತಾರೆ, ಹೊಟ್ಟೆಗೆ ಇಳಿಸುವ ಕೆಲಸ ಇವರದು. ಅದೇನು ಸುಲಭ ಅಂದುಕೊಂಡಿರಾ?

ಉಚ್ಚಂಗೆವ್ವ ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು. ಓಣಿಯ ಮದುವೆಗಳಲ್ಲಿ ಸೋಬಾನೆ ಪದ ಎತ್ತುತ್ತಿದ್ದವರೂ ಅವರೇ. ಶ್ವಾಸಕೋಶದ ಕಾಯಿಲೆ ಬಂದ ಮೇಲೆ ಒಂದು ಸಾಲಿಗಾಗುವಷ್ಟು ಉಸಿರೂ ಉಳಿಯಲಿಲ್ಲ. ಮೊಮ್ಮಗಳು ಕಾವ್ಯಾಳ ಮದುವೆಗೆ ಮೂರೇ ತಿಂಗಳಿತ್ತು. ಅಜ್ಜಿ ಪದ ಹಾಡದಿದ್ದರೆ ಅರಿಸಿನ ಹಚ್ಚಿಸಿಕೊಳ್ಳುವುದಿಲ್ಲವೆಂದು ಹುಡುಗಿ ಹಟ ಹಿಡಿದಿದ್ದಳು. ಆಗಲೇ ಒಂದು ದಿನ ಅಜ್ಜಿಯ ಜೋಳದ ಡಬ್ಬಿಯಲ್ಲಿ, ಕುಡಿಯದೆ ಬಚ್ಚಿಟ್ಟಿದ್ದ ಗುಳಿಗೆಗಳೆಲ್ಲ ಇಟ್ಟದ್ದು ಇಟ್ಟಂತೆಯೇ ಸುರೇಖಾರ ಕೈಗೆ ಸಿಕ್ಕವು!

“ತಗೊಂಡ್ರ ಕಫ ಹೆಚ್ಚ ಬೀಳತೈತಿ. ಕಡಿಮಿ ಮಾಡೋ ಔಷಧ ಅಂತ ಕೊಟ್ಟು ಹೆಚ್ಚ ಮಾಡ್ಯಾರ,” ಎಂಬುದು ಉಚ್ಚಂಗೆವ್ವರ ದೂರು. ಅದರ ಬದಲು ಕೆಮ್ಮು ನಿಲ್ಲಿಸುವ ಸಿರಪ್ ತರಿಸಿ ಕುಡಿಯುತ್ತಿದ್ದರು. ಕೆಮ್ಮು ನಿಂತಿತ್ತು, ಕಫ ಒಳಗೇ ಕೂತಿತ್ತು.

ಸುರೇಖಾ ಭಾಷಣ ಬಿಗಿಯಲಿಲ್ಲ. ಅವರೂ ಹಿಂದೆ ತೊಟ್ಟು ಬಿಡಿಸಿದವರೇ. “ಯವ್ವಾ, ಒಣ ಕಾಯಿಗೆ ನೀರು ಯಾಕ ಚಿಮುಕಿಸ್ತಿದ್ವಿ?” ಎಂದು ಕೇಳಿದರು.

“ಮೆತ್ತಗಾಗಲಿ ಅಂತ. ಇಲ್ಲಂದ್ರ ಪುಡಿ ಆಗ್ತಾವ, ಘಾಟು ಏಳತೈತಿ.”

“ಹಂಗ ನಿನ್ನ ಎದಿಯಾಗ ಕಫ ಒಣಗಿ ಹಿಡಕೊಂಡೈತಿ. ಗುಳಿಗಿ ಅದಕ್ಕ ನೀರು ಚಿಮುಕಿಸತೈತಿ. ಹೊರಗ ಬಿದ್ದದ್ದು ಹೆಚ್ಚಾಗಿದ್ದಲ್ಲ, ಒಳಗ ಖಾಲಿ ಆಗಿದ್ದು.”

ಇಷ್ಟು ಚೆಂದದ ಪಾಠ ನಾನಂತೂ ಕೇಳಿಲ್ಲ. ಸುರೇಖಾ ವೈದ್ಯರನ್ನು ಕೇಳಿ ಸಿರಪ್ ಬಿಡಿಸಿದರು, ದಿನಾ ಬೆಳಗ್ಗೆ ಬಂದು ಎದುರಿಗೇ ಕೂತು ಗುಳಿಗೆ ಕುಡಿಸಿದರು. ಈಗ ಓಣಿಯಲ್ಲಿ ಅದಕ್ಕೆ ‘ಚಿಮುಕಿಸೋ ಗುಳಿಗಿ’ ಎಂದೇ ಹೆಸರು. ಏಳೂ ಮಂದಿ ತಪ್ಪದೆ ಕುಡಿಯುತ್ತಾರೆ.

ಕಳೆದ ವಾರ ಕಾವ್ಯಾಳ ಅರಿಸಿನದ ದಿನ ಉಚ್ಚಂಗೆವ್ವ ಪದ ಎತ್ತಿದರು, ಮುಗಿಸಿಯೇ ಕೆಳಗಿಟ್ಟರು. ಹಾಡು ಹೇಗಿತ್ತೆಂದು ಕೇಳಿದರೆ ಸುರೇಖಾ ನಗುತ್ತಾರೆ.

“ಹಾಡು ಯಾರಿಗೆ ಗೊತ್ರಿ? ನಾ ಹಿಂದ ಕುಂತು ಉಸಿರು ಎಣಿಸಾಕತ್ತಿದ್ದೆ. ಒಂದು ಸಾಲಿಗೆ ಒಂದ ಉಸಿರು. ಎಲ್ಲೂ ಕಡೀಲಿಲ್ಲ ನೋಡ್ರಿ!”