ಹಂದಿಯ ತಲೆಯೂ ಜಯದೇವಪ್ಪನವರ ಇತಿಹಾಸವೂ

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಸಣ್ಣದೊಂದು ಕಾಫಿ ತೋಟ ಇಟ್ಟುಕೊಂಡಿದ್ದ ಜಯದೇವಪ್ಪನವರು ಕಾದಂಬರಿಕಾರರು ಎಂಬುದನ್ನು ಊರು ಹೇಗೋ ಸಹಿಸಿಕೊಂಡಿತ್ತು. ಮೂರು ಕಾದಂಬರಿಗಳನ್ನು ಕೈಯಿಂದ ದುಡ್ಡು ಹಾಕಿ ಚಿಕ್ಕಮಗಳೂರಿನಲ್ಲಿ ಅಚ್ಚು ಮಾಡಿಸಿದ್ದರು. ಮೂರರಲ್ಲೂ ನಾಯಕಿ ಕ್ಷಯದಿಂದ ಸಾಯುತ್ತಿದ್ದಳು, ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಅವರು ಇನ್ನು ಸತ್ಯವನ್ನೇ ಬರೆಯುವುದೆಂದು ತೀರ್ಮಾನಿಸಿ, ಸೀಮೆಯ ಸಮಾಜದ ಇತಿಹಾಸಕ್ಕೆ ಕೈ ಹಾಕಿದಾಗ.

ಕೊಡೆ ಹಿಡಿದು ಮನೆ ಮನೆ ಅಲೆದರು. ಯಾರ ಮನೆ ಮೊದಲು ಬಂತು, ಯಾರಿಗೆ ಯಾವ ಮರ್ಯಾದೆ ಎಂದು ಮುದುಕರನ್ನು ಕೆದಕಿದರು. "ಮುಂದಿನ ತಲೆಮಾರು ನನ್ನನ್ನು ನೆನೆಯುತ್ತದೆ," ಎನ್ನುತ್ತಿದ್ದರು. ಈಗಿನ ತಲೆಮಾರು ಅಷ್ಟು ತಡ ಮಾಡಲಿಲ್ಲ. 1936ರ ಕೊನೆಗೆ ಪುಸ್ತಕ ಹೊರಬಂದದ್ದೇ ತಡ, ಬಾಯಿಗೆ ಬಂದಂತೆ ನೆನೆಯತೊಡಗಿತು.

ಕಾರಣ ಹಂದಿಯ ತಲೆ. ಊರ ಶಿಕಾರಿಯಲ್ಲಿ ಬಿದ್ದ ಹಂದಿಯನ್ನು ಹಂಚುವಾಗ ಕೋವಿಗೊಂದು ಪಾಲು, ನಾಯಿಗೊಂದು ಪಾಲು. ತಲೆ ಮಾತ್ರ ಮರ್ಯಾದೆಯ ಪಾಲಾಗಿ ದೊಡ್ಡ ಮನೆಗೆ. ದೊಡ್ಡ ಮನೆಯೆಂದರೆ ಸಾಹುಕಾರ್ ಬೆಳ್ಳಿಯಪ್ಪಗೌಡರದು. ಈ ತಲೆ ಹಿಂದೆ ಬೇಟೆನಾಯಿ ಸಾಕುವ ಆಳು ಕೆಂಪಯ್ಯನ ಅಜ್ಜನ ಮನೆಗೆ ಸಲ್ಲುತ್ತಿತ್ತು, ಗೌಡರ ಅಜ್ಜ ತೋಟ ಮಾಡಿದ ಮೇಲೆ ದಾರಿ ತಪ್ಪಿತು ಎಂದು ಜಯದೇವಪ್ಪನವರು ಬರೆದುಬಿಟ್ಟಿದ್ದರು. ಹೇಳಿದವರು ಗೌಡರ ಸೋದರತ್ತೆ ಭಾಗಮ್ಮನವರೇ. ಆಕೆ ಈಗ ತಮಗೆ ಕಿವಿ ಕೇಳಿಸುವುದಿಲ್ಲ ಎನ್ನತೊಡಗಿದ್ದರು.

"ಹಂದಿ ಮುಟ್ಟದೋರಿಗೆ ಹಂದಿ ತಲೆ ಉಸಾಬರಿ ಯಾಕ್ರೀ?" ಎಂದು ಗೌಡರು ಸಂತೆಯಲ್ಲೇ ಕೇಳಿದರು.

"ಇತಿಹಾಸಕ್ಕೆ ಮಡಿಯಿಲ್ಲ," ಎಂದರು ಲಿಂಗ ಕಟ್ಟಿದ ಜಯದೇವಪ್ಪನವರು.

ಮರುದಿನದಿಂದ ಅವರ ತೋಟಕ್ಕೆ ಆಳು ಬರಲಿಲ್ಲ. ಮೇಸ್ತ್ರಿಗಳಿಗೆಲ್ಲ ಗೌಡರ ಅಪ್ಪಣೆಯಾಗಿತ್ತು. ಕೊಯ್ಲಿನ ಕಾಲ, ಗಿಡದ ತುಂಬ ಕೆಂಪು ಹಣ್ಣು. ಕೀಳದಿದ್ದರೆ ವರ್ಷದ ಬೆಳೆ ನೆಲದ ಪಾಲು. ಕೆಂಪಯ್ಯನಾದರೂ ಉಪಕಾರ ನೆನೆದಾನೆಂದು ಗೌಡರ ಆಳುಗಳ ಮನೆಸಾಲಾದ ಕೂಲಿ ಲೈನಿಗೆ ಹೋದರು.

"ನಿನ್ನ ಅಜ್ಜನ ಮರ್ಯಾದೆ ಎತ್ತಿಹಿಡಿದಿದೀನಿ, ಕೆಂಪಯ್ಯ."

"ಅಜ್ಜ ಸತ್ತೋದ, ಅಯ್ಯಾ. ನಾನು ಗೌಡ್ರ ಲೈನಲ್ಲಿ ಬದುಕಿದೀನಿ." ನಾಯಿಗಳು ಬೊಗಳುತ್ತಿದ್ದವು, ಅವನು ಸುಮ್ಮನಿರಿಸಲಿಲ್ಲ. "ತಲೆ ಬೇಕು ಅಂತ ನಿಮ್ಮನ್ನ ಯಾರು ಕೇಳಿದ್ರು? ಈಗ ನಾಯಿ ಪಾಲೂ ಹೋಗ್ತದೆ. ನಡೀರಿ, ಯಾರಾದ್ರೂ ನೋಡ್ತಾರೆ."

ಮುಂದಿನ ಶಿಕಾರಿಯ ದಿನ ಗೌಡರೇ ಹೇಳಿಕಳಿಸಿದರು. ದೊಡ್ಡ ಮನೆಯ ಅಂಗಳದಲ್ಲಿ ಬಾಳೆಲೆಯ ಮೇಲೆ ತಲೆ, ಸುತ್ತ ಊರು. ಗೌಡರು ಉದಾರವಾಗಿಯೇ ಇದ್ದರು.

"ನೋಡಿ ಜಯದೇವಪ್ಪೋರೆ, ಸುಳ್ಳು ಬರ್ದೆ ಅಂತ ಒಪ್ಕಳಿ ಅನ್ನಲ್ಲ. ಇದೂ ನಂದೊಂದು ಕಾದಂಬರಿ ಅಂತ ಎಲ್ಲರ ಮುಂದೆ ಅಂದುಬಿಡಿ. ನಾಳೆ ಬೆಳಗ್ಗೆ ಆಳು ನಿಮ್ಮ ತೋಟದಲ್ಲಿರ್ತವೆ."

"ಅಂದ್ಬಿಡಿ ಮಾರಾಯ್ರೆ, ಹಸಿವಾಗ್ತದೆ," ಎಂದು ಹಿಂದಿನಿಂದ ಯಾರೋ ಕೂಗಿದರು.

ಸತ್ಯಕ್ಕಾಗಿ ಪ್ರಾಣ ಬಿಡುವ ಪೈಕಿಯವರಲ್ಲ ಜಯದೇವಪ್ಪನವರು. ಬಾಯಿ ತೆರೆದದ್ದು ಒಪ್ಪಿಕೊಳ್ಳಲಿಕ್ಕೇ. ಆದರೆ ಕಾದಂಬರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಒಳಗಿದ್ದ ಕಾದಂಬರಿಕಾರ ಕೆರಳಿಬಿಟ್ಟ.

"ಆಗಲ್ಲ," ಎಂದರು. "ಇದರಲ್ಲಿ ನಾಯಕಿಯಿಲ್ಲ, ಪ್ರೇಮವಿಲ್ಲ, ಬೆಳದಿಂಗಳು ಒಂದು ಸಾಲೂ ಇಲ್ಲ. ಇದನ್ನ ಕಾದಂಬರಿ ಅಂದ್ರೆ ನನ್ನ ಹೆಸರು ಏನಾಗಬೇಕು?"

ಜನ ನಕ್ಕರು, ಒಳ್ಳೆಯ ನಗುವಲ್ಲ. "ಹಂಗಾದ್ರೆ ನಿಮ್ಮ ಹಣ್ಣು ಉದುರ್ಲಿ ಬಿಡಿ," ಎಂದ ಗೌಡರು ತಲೆಯನ್ನು ಒಳಗೆ ಕಳಿಸಿದರು. ನಾಯಿಗಳ ಹಗ್ಗ ಹಿಡಿದಿದ್ದ ಕೆಂಪಯ್ಯ ಕತ್ತೆತ್ತಲಿಲ್ಲ.

ಮನೆಯ ಜಗಲಿಯಲ್ಲಿ ಹೆಂಡತಿ ವಸಂತಮ್ಮ ಕಾಯುತ್ತಿದ್ದರು.

"ಆಳು ಬರ್ತವಾ?"

"ಇಲ್ಲ."

"ಏನಂದ್ರಿ ಅಲ್ಲಿ?"

ಹೇಳಿದರು, ಬೆಳದಿಂಗಳನ್ನೂ ಬಿಡದೆ. ವಸಂತಮ್ಮ ಒಳಗೆ ಹೋಗಿ ಎರಡು ಬುಟ್ಟಿ ತಂದು, ಒಂದನ್ನು ಗಂಡನ ಸೊಂಟಕ್ಕೆ ಬೇಕಾದದ್ದಕ್ಕಿಂತ ಬಿಗಿಯಾಗಿ ಕಟ್ಟಿದರು.

"ಕೆಂಪಗಿರೋದು ಮಾತ್ರ ಕೀಳಿ. ಮಧ್ಯೆ ಭಾಷಣ ಬೇಡ."

ಕತ್ತಲಾಗುವವರೆಗೆ ಕಿತ್ತರು. ವಸಂತಮ್ಮನ ಬುಟ್ಟಿ ತುಂಬಿ ತುಂಬಿ ಖಾಲಿಯಾಯಿತು. ಇತಿಹಾಸಕಾರರ ಬುಟ್ಟಿಯಲ್ಲಿ ಅರ್ಧ ಹಸಿರುಕಾಯಿ, ಮಿಕ್ಕಿದ್ದು ಎಲೆ. ಇಬ್ಬರ ಕೈಗೂ ಸಿಗದ ಇಳಿಜಾರಿನ ಸಾಲುಗಳಲ್ಲಿ ಹಣ್ಣು ಉದುರುತ್ತಲೇ ಇತ್ತು.