ಅಮಾವಾಸ್ಯೆಯವರೆಗೆ ಅಳಿಸದ ಹಲಗೆ

ನನ್ನ ತಂಗಿಯನ್ನು ಮಸ್ಕಿಯಿಂದ ಓಡಿಸಿದರು. ಕೂತು ಚಹಾ ಕುಡಿಯುತ್ತ, ಒಂದು ಕರಿ ಹಲಗೆ ಓದುತ್ತ ಓಡಿಸಿದರು. "ಲಿಂಗಸುಗೂರಾಗ ಚಲೋ ಗಿರಾಕಿ ಸಿಕ್ಕಿದ್ವು, ಹ್ವಾದ್ಲು" ಎಂದು ಈಗಲೂ ಕೆಲವರು ಹೇಳುತ್ತಾರೆ. ಸುಳ್ಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನ ವಾಚನಾಲಯದಲ್ಲಿ ಗಾಜು ಹಾಕಿ ಬೀಗ ಜಡಿದ ಫಲಕವೊಂದಿತ್ತು. ಬೀಗದ ಕೈ ಹಿರಿಯರ ಬಳಿ. ಅವರಿಗೆ ಸೇರದ ಚೀಟಿ ಅದರೊಳಗೆ ಹೋಗುತ್ತಿರಲಿಲ್ಲ. ಕಾಲುವೆ ನೀರು ಬಿಡುವವನು ದುಡ್ಡು ತಿನ್ನುತ್ತಾನೆ ಎಂದು ಹುಡುಗರು ಬರೆದು ಗಾಜಿನ ಮೇಲೆ ಅಂಟಿಸಿದ್ದನ್ನು ಹಿರಿಯರು ಹರಿದು ಹಾಕಿದರು. ಅದಕ್ಕೆ ಸಿಟ್ಟಾಗಿ, ಬಿ.ಎ. ಓದಿ ಬಂದ ಒಬ್ಬ ಹುಡುಗ ಮುಂದಾಗಿ, ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದ ಹೋಟೆಲಿನ ಗೋಡೆಗೆ ದೊಡ್ಡ ಹಲಗೆ ಹೊಡೆದ. ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ: ಯಾರು ಬೇಕಾದರೂ ಏನನ್ನಾದರೂ ಬರೆಯಬಹುದು. ಹೆಸರು ಬೇಕಿಲ್ಲ. ಅಮಾವಾಸ್ಯೆಯವರೆಗೆ ಅಳಿಸಬಾರದು.

ಅಮಾವಾಸ್ಯೆ ಯಾಕೆಂದರೆ, ಅವತ್ತು ಹೋಟೆಲಿನವನು ಅಂಗಡಿಯನ್ನೆಲ್ಲ ತೊಳೆದು ಪೂಜೆ ಮಾಡುತ್ತಿದ್ದ. ಹಲಗೆಗೂ ಅವತ್ತೇ ನೀರು.

ಮೊದಮೊದಲು ನನಗೂ ಹಿಡಿಸಿತ್ತು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ಕೂಡಿಸಿಕೊಂಡು ಓದಬಲ್ಲೆ, ಬರೆಯಲು ಬಾರದು. ಅದೇ ಹೋಟೆಲಿಗೆ ಹಾಲು ಹಾಕಲು ಹೋಗುತ್ತಿದ್ದೆ. ರೇಶನ್ ಅಂಗಡಿಯವನು ತೂಕದಲ್ಲಿ ಹೊಡೆಯುತ್ತಾನೆ ಎಂದು ಯಾರೋ ಬರೆದರು. ಮರುವಾರವೇ ಅವನ ತಕ್ಕಡಿ ನೆಟ್ಟಗಾಯಿತು. ಹೀಗಿದ್ದರೆ ಊರು ಸುಧಾರಿಸುತ್ತದೆ ಅಂದುಕೊಂಡೆ.

ತಂಗಿ ನಮ್ಮ ಓಣಿಯಲ್ಲೇ ಬಾಡಿಗೆ ಖೋಲಿ ಹಿಡಿದು ಹೊಲಿಗೆ ಮಾಡುತ್ತಿದ್ದಳು. ಗಂಡ ಸತ್ತಿದ್ದ. ನಾಗರ ಪಂಚಮಿಗೆ ಊರಿನ ಹೆಂಗಸರೆಲ್ಲ ಹೊಸ ಕುಬುಸ ತೊಡುತ್ತಾರೆ. ಆ ಹಬ್ಬದ ಹಿಂದಿನ ತಿಂಗಳ ಹೊಲಿಗೆಯಲ್ಲೇ ಅವಳ ಅರ್ಧ ವರ್ಷದ ಜೋಳ ಬರಬೇಕು. ಆ ವರ್ಷ ರೈಸ್ ಮಿಲ್ಲಿನ ಹಮಾಲರ ಅಂಗಿಗಳನ್ನೂ ಹೊಲಿಯಲು ಒಪ್ಪಿದಳು. ಗಂಡಸರ ಅಂಗಿಗೆ ಹೆಂಗಸು ಕೈ ಹಾಕಿದ್ದು ಯಾರ ಹೊಟ್ಟೆ ಉರಿಸಿತೋ, ಮಣ್ಣೆತ್ತಿನ ಅಮಾವಾಸ್ಯೆಗೆ ಹಲಗೆ ತೊಳೆದ ಮರುದಿನವೇ ಒಂದು ಸಾಲು ಬಿತ್ತು. ಇನ್ನು ಒಂದು ತಿಂಗಳು, ನಾಗರ ಅಮಾವಾಸ್ಯೆಯವರೆಗೆ, ಅದಕ್ಕೆ ನೀರಿಲ್ಲ. ಪಂಚಮಿ ಅದಾಗಿ ಐದೇ ದಿನಕ್ಕೆ.

ತಂಗಿಗೆ ಅಕ್ಷರ ಬರುತ್ತಿರಲಿಲ್ಲ. ಓಣಿಯಲ್ಲಿ ಗುಸುಗುಸು ಕೇಳಿ ನನ್ನ ಹತ್ತಿರ ಬಂದಳು.

"ಅಕ್ಕಾ, ನನ್ನ ಮ್ಯಾಲ ಏನೋ ಬರದಾರಂತಲ್ಲ. ಏನದು?"

"ತಿಳ್ಕೊಂಡು ಏನ್ ಮಾಡ್ತಿ?"

"ಊರಿಗೆಲ್ಲ ಗೊತ್ತೈತಿ, ನನಗ್ ಬ್ಯಾಡೇನು? ಹೇಳ್ ಬೇ."

ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. "ಓಣಿಯ ಟೇಲರಮ್ಮ ಹಮಾಲರ ಅಳತೆಯನ್ನು ಟೇಪಿನಿಂದ ತೆಗೆದುಕೊಳ್ಳುತ್ತಾಳೋ, ಕೈಯಿಂದಲೋ?" ಅವಳು ಅಳಲಿಲ್ಲ. ಹಮಾಲರು ತಮ್ಮ ಹಳೇ ಅಂಗಿ ಕಳಿಸುತ್ತಿದ್ದರು, ಅದನ್ನು ಹಾಸಿ ಅಳತೆ ಹಿಡಿಯುತ್ತಿದ್ದಳು, ಒಬ್ಬನ ಮೈಯನ್ನೂ ಮುಟ್ಟಿರಲಿಲ್ಲ. ಅದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಹೆಂಗಸರು ಕುಬುಸಕ್ಕೆಂದು ಕೊಟ್ಟಿದ್ದ ಖಣಗಳನ್ನು ವಾಪಸು ಒಯ್ಯತೊಡಗಿದರು. "ನಾ ನಂಬಂಗಿಲ್ಲ ಬಿಡವ್ವಾ, ನಮ್ಮ ಮನಿ ಗಂಡಸ್ರು ಬ್ಯಾಡ ಅಂತಾರ" ಎಂದಳು ಒಬ್ಬಳು. ಖಣ ಆಗಲೇ ಕತ್ತರಿಸಿ ಆಗಿದ್ದವರ ಯುಕ್ತಿ ಬೇರೆ. "ಹೊಲದು ಇಡ್ಲಿ. ಕತ್ತಲಾದ ಮ್ಯಾಲ ಹಿತ್ತಲ ಬಾಗಲಿಗೆ ಕೊಟ್ಟು ಹೋಗ್ಲಿ" ಎಂದು ಹೇಳಿ ಕಳಿಸಿದರು.

ನಾನು ಹಲಗೆಯ ಹುಡುಗನನ್ನು ಹೋಟೆಲಿನಲ್ಲೇ ಹಿಡಿದೆ.

"ಲೇ ತಮ್ಮಾ, ಅದನ್ನ ಅಳಸು."

"ಅಳಸಾಕ ಬರಂಗಿಲ್ಲ ಅತ್ತಿ. ಇವತ್ತು ನಿಮ್ದು ಅಳಸಿದ್ರ ನಾಳೆ ರೇಶನ್ನಿನಾಂವ ಬರ್ತಾನ, ನಂದೂ ಅಳಸು ಅಂತಾನ. ಆಮ್ಯಾಲ ನಮಗೂ ವಾಚನಾಲಯದ ಮುದುಕರಿಗೂ ಏನ್ ಫರಕ್ ಉಳೀತು? ಸುಳ್ಳಿದ್ರ ಕೆಳಗ ಜವಾಬ್ ಬರೀಲಿ. ಯಾರ್ ಬ್ಯಾಡ ಅಂದಾರ?"

"ಅಕಿಗೆ ಬರಿಯಾಕ ಬರಂಗಿಲ್ಲ."

"ಬಂದು ಬಾಯಿಲೆ ಹೇಳ್ಲಿ ತಗೋ," ಎಂದ ಬೆಂಚಿನ ಮೇಲಿದ್ದ ಒಬ್ಬ. "ಬರಾಗ ಟೇಪ್ ತರಾಕ ಹೇಳ್ರಿ!"

ಹೋಟೆಲೆಲ್ಲ ನಕ್ಕಿತು. ಹುಡುಗ ನಗಲಿಲ್ಲ. ಬೈಯಲೂ ಇಲ್ಲ.

ನಾಗರ ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಹಾಲು ಹಾಕಲು ಹೋದಾಗ ಆ ಹುಡುಗ ಒದ್ದೆ ಅರಿವೆ ಹಿಡಿದು ಹಲಗೆ ಒರೆಸುತ್ತಿದ್ದ. ಗಂಡನ ಮನೆಯಿಂದ ಬಂದು ತವರಿನಲ್ಲಿ ಕೂತಿದ್ದ ಅವನ ಅಕ್ಕನ ಮೇಲೆ ಯಾರೋ ಬರೆದಿದ್ದರು. ಅವನು ಅಷ್ಟನ್ನೇ ಒರೆಸಿದ. ಅದರ ಮೇಲಿನ ಸಾಲೇ ನನ್ನ ತಂಗಿಯದು. ಅದಕ್ಕೆ ನೀರು ಸಿಡಿಯದಂತೆ ಅರಿವೆಯನ್ನು ಹಿಂಡಿ, ಹುಷಾರಾಗಿ ಒರೆಸುತ್ತಿದ್ದ.

"ಅಮಾವಾಸಿ ಇನ್ನಾ ಬಂದಿಲ್ಲಲ್ಲೋ," ಅಂದೆ.

ಬೆಚ್ಚಿ ತಿರುಗಿದ. "ಅದು ಬ್ಯಾರೆ, ಅತ್ತಿ. ಅದು ಮನಿ ಮಾತು."

"ನಮ್ಮ ತಂಗಿ ಏನ್ ಬಯಲಾಗ ಅದಾಳೇನು?"

ಅವನ ಕೈಯಿಂದ ಅರಿವೆ ಕಸಿಯಲು ಹೋದೆ, ಕೊಡಲಿಲ್ಲ. ಸೆರಗಿನಿಂದ ನಾನೇ ಒರೆಸಲು ಕೈ ಎತ್ತಿದೆ. ಹೋಟೆಲಿನವನು ಅಡ್ಡ ನಿಂತ: "ಯವ್ವಾ, ನಿನ್ನ ಹಾಲು ಇಲ್ಲೇ ನಡೀಬೇಕಂದ್ರ ಸುಮ್ನ ಹೋಗು." ಸಾಲು ಹಾಗೇ ಉಳಿಯಿತು.

ಮನೆಗೆ ಬಂದು ತಂಗಿಗೆ ಇದ್ದದ್ದು ಇದ್ದಂಗೆ ಹೇಳಿದೆ. ಆ ಸಾಲನ್ನು ತಿಂಗಳಿಡೀ ತಡೆದುಕೊಂಡಿದ್ದವಳು ಅವತ್ತು ಮೆಷಿನ್ನಿನ ತಲೆ ಬಿಚ್ಚಿ ಗೋಣಿಚೀಲಕ್ಕೆ ಸುತ್ತಿದಳು. ನಾನು ತಡೆಯಲಿಲ್ಲ. ತಡೆದು ಉಣ್ಣಿಸಲು ನನ್ನ ಹತ್ತಿರ ಏನಿತ್ತು? ಸಂಜೆಯ ಬಸ್ಸಿಗೆ ಲಿಂಗಸುಗೂರಿಗೆ ಹೊರಟಳು. ಅಲ್ಲಿ ನಮ್ಮ ದೊಡ್ಡಮ್ಮನ ಮನೆಯ ಪಡಸಾಲೆಯೊಂದಿತ್ತು, ಗಿರಾಕಿ ಒಬ್ಬರೂ ಇರಲಿಲ್ಲ. ಬಸ್ ಹತ್ತುವಾಗ ಕತ್ತರಿಸಿದ ಖಣಗಳ ಗಂಟನ್ನು ನನ್ನ ಕೈಗಿಟ್ಟಳು.

"ಹಬ್ಬಕ್ಕ ತೊಡೋದೈತಿ ಪಾಪ. ಬ್ಯಾರೆ ಯಾರ್ ಹತ್ರಾದ್ರೂ ಹೊಲಿಸಿ ಮುಟ್ಟಿಸಕ್ಕಾ."

ಮರುದಿನ ಬೆಳಕು ಹರಿದದ್ದೇ ಗಂಟು ಹೊತ್ತುಕೊಂಡು ಓಣಿಗೆ ಇಳಿದೆ. ಯಾರ ಹಿತ್ತಲಿಗೂ ಹೋಗಲಿಲ್ಲ. ಮುಂಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿ, ಬೆನ್ನು ಬೇರೆ, ಎದೆ ಬೇರೆ, ತೋಳು ಬೇರೆಯಾಗಿದ್ದ ತುಂಡುಗಳನ್ನು ಅವರವರ ಹೊಸ್ತಿಲ ಮೇಲೆ ಸುರಿದೆ. ಹಲಗೆಯ ಹುಡುಗನ ಮನೆಯ ಖಣವೂ ಅದರಲ್ಲಿತ್ತು; ಅವನ ತಾಯಿ ಹಲ್ಲುಜ್ಜುತ್ತ ಹೊರಬಂದಳು.

"ಹೊಲದಿಲ್ಲಲ್ಲ ಬೇ ಇದನ್ನ?"

"ಇಲ್ಲ," ಎಂದು ಹೇಳಿ ಮುಂದಿನ ಮನೆಗೆ ಹೋದೆ.